17ನೇ ಗಿಡ ಇಲ್ಲ

ನನ್ನ ಬಿಎಸ್ಸಿ ಪ್ರಾಜೆಕ್ಟಿಗೆ ಗುರುತು ಹಾಕಿದ್ದು 24 ಗಿಡ. ಕೊನೆಯ ಗಿಡದ ನಂಬರು ಮಾತ್ರ 25. ನಡುವೆ 17 ಇಲ್ಲ. ಪೋಸ್ಟರ್ ನೋಡಲು ಬಂದವರಲ್ಲಿ ಅರ್ಧ ಜನ ಇದನ್ನೇ ಕೇಳಿದರು. ಪ್ರಾಜೆಕ್ಟಿನ ವಿಷಯವೇ ಆದ ಎಲೆ ತಿನ್ನುವ ಹುಳುವಿನ ಬಗ್ಗೆ ಕೇಳಿದವರು ಕಡಿಮೆ.

ನಮ್ಮದು ಮುಂಬೈಯ ಮುಲುಂಡ್. ಮೂಲ ಕುಂದಾಪುರದ ಕಡೆ. ಅಪ್ಪಯ್ಯ ಇಲ್ಲೊಂದು ಸಣ್ಣ ಹೋಟೆಲ್ ನಡೆಸುತ್ತಾರೆ. ಎರಡನೇ ವರ್ಷದಲ್ಲಿದ್ದಾಗ, ಒಂದು ಸೆಪ್ಟೆಂಬರಿನಲ್ಲಿ, ಐರೋಲಿಯ ಚಿಕ್ಕಮ್ಮನ ಮನೆಗೆ ಬಸ್ಸಿನಲ್ಲಿ ಹೊರಟಿದ್ದೆ. ಮುಲುಂಡ್–ಐರೋಲಿ ಸೇತುವೆಯ ಮೇಲೆ ಟ್ರಾಫಿಕ್ ನಿಂತಿತು. ಕೆಳಗೆ ಥಾಣೆ ಖಾಡಿ, ಅಂದರೆ ಸಮುದ್ರದ ನೀರು ಒಳಗೆ ಬರುವ ಹಿನ್ನೀರು, ಅಂಚಿಗೆಲ್ಲ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಮಳೆಗಾಲ ಇನ್ನೂ ಮುಗಿದಿಲ್ಲ, ಎಲ್ಲ ಹಸಿರಾಗಿರಬೇಕು. ಆದರೆ ಗಿಡಗಳೆಲ್ಲ ಬೆಂಕಿ ಬಿದ್ದ ಹಾಗೆ ಕಂದು ಬಣ್ಣ. ಪಕ್ಕದ ಸೀಟಿನ ಕಾಕಾ, "ಬಿಲ್ಡರುಗಳ ಕೆಲಸ, ವಿಷ ಹಾಕಿದ್ದಾರೆ" ಅಂದರು.

ಮುಂಬೈಯಲ್ಲಿ ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕಾಂಡ್ಲಾ ಕಡಿಯಬಾರದು, ಅದರ ಸುತ್ತ 50 ಮೀಟರಿನೊಳಗೆ ಏನೂ ಕಟ್ಟಬಾರದು ಅಂತ 2005ರಲ್ಲಿ ಬಾಂಬೆ ಹೈಕೋರ್ಟೇ ಹೇಳಬೇಕಾಯಿತು. ನಾನೂ ಕಾಕಾ ಹೇಳಿದ್ದನ್ನೇ ನಂಬಿದೆ. ದೀಪಾವಳಿ ಹೊತ್ತಿಗೆ ಮತ್ತೆ ಅದೇ ಸೇತುವೆ ದಾಟಿದರೆ ಎಲ್ಲ ಹಸಿರು! ವಿಷ ಹಾಕಿದ ಗಿಡ ಹೀಗೆ ಒಂದೂವರೆ ತಿಂಗಳಲ್ಲಿ ಚಿಗುರುತ್ತದಾ?

ಕಾಲೇಜಿನಲ್ಲಿ ಮೇಡಂ ಹತ್ತಿರ ಕೇಳಿದೆ. ಅವರು ನಕ್ಕು ಒಂದು ಹೆಸರು ಬರೆದುಕೊಟ್ಟರು: ಹೈಬ್ಲಿಯಾ ಪ್ಯೂರಾ. ತೇಗದ ಎಲೆ ತಿನ್ನುವ ಹುಳು. ಕೇರಳದ ನಿಲಂಬೂರಿನಿಂದ ಹಿಡಿದು ತೇಗದ ತೋಟ ಇರುವ ಕಡೆಯೆಲ್ಲ ಅರಣ್ಯದವರಿಗೆ ತಲೆನೋವು. ಅದೇ ಹುಳು ಮಳೆಗಾಲದ ಕೊನೆಗೆ ಮುಂಬೈ ಸುತ್ತಲಿನ ಕಾಂಡ್ಲಾಕ್ಕೂ ಬರುತ್ತದೆ. ಅದರಲ್ಲೂ ಒಂದೇ ಜಾತಿಗೆ, ಅವಿಸೀನಿಯಾ ಮರೀನಾಗೆ. ನಮ್ಮ ಕಡೆ ಉಪ್ಪಟಿ ಅನ್ನುತ್ತಾರೆ, ಇಲ್ಲಿನ ಮೀನುಗಾರರಾದ ಕೋಳಿ ಜನ ತಿವರ ಅನ್ನುತ್ತಾರೆ. ಪಕ್ಕದಲ್ಲೇ ಇರುವ ಚಿಪ್ಪಿ ಮರವನ್ನು ಹುಳು ಮುಟ್ಟುವುದಿಲ್ಲ.

ಪ್ರಾಜೆಕ್ಟ್ ಸಿಕ್ಕಿತು ಅಂತ ಕುಣಿದೆ. ಆ ರಾತ್ರಿಯೇ ಶೀರ್ಷಿಕೆ ಬರೆದೆ: "ಥಾಣೆ ಖಾಡಿಯ ಕಾಂಡ್ಲಾ ಕಾಡಿನ ಮೇಲೆ ಕೀಟಗಳ ಪರಿಣಾಮ". ಮೇಡಂ ಓದಿ, "ಖಾಡಿ ಎಷ್ಟು ಉದ್ದ ಇದೆ ಗೊತ್ತಾ? ನಿನ್ನ ಹತ್ತಿರ ವಾರಕ್ಕೆ ಎಷ್ಟು ದಿನ ಇದೆ?" ಅಂತ ಕೇಳಿದರು. ಅಷ್ಟೇ. "ಕೀಟಗಳು" ಹೋಗಿ "ಒಂದು ಹುಳು" ಆಯಿತು. "ಖಾಡಿ" ಹೋಗಿ "ಭಾಂಡುಪ್" ಆಯಿತು. ಆಮೇಲೂ ಆ ಶೀರ್ಷಿಕೆ ಉದ್ದ ಆಗುತ್ತಲೇ ಹೋಯಿತು, ಕೆಲಸ ಮಾತ್ರ ಚಿಕ್ಕದಾಗುತ್ತಾ ಬಂತು.

ಜಾಗ ಭಾಂಡುಪ್ ಪಂಪಿಂಗ್ ಸ್ಟೇಷನ್ ಹತ್ತಿರ. ಹಕ್ಕಿ ನೋಡುವವರಿಗೆ ಚೆನ್ನಾಗಿ ಗೊತ್ತಿರುವ ಜಾಗ. ಚಳಿಗಾಲದಲ್ಲಿ ಫ್ಲೆಮಿಂಗೋ ನೋಡಲು ಬೆಳಗ್ಗೆ ಬೆಳಗ್ಗೆ ಕ್ಯಾಮೆರಾ ಹಿಡಿದು ಬರುತ್ತಾರೆ. ಅದು ಮೀಸಲು ಅರಣ್ಯ, ಕಾಲೇಜಿನ ಪತ್ರ, ಅನುಮತಿ ಎಲ್ಲ ಬೇಕು. ನಮ್ಮ ಅರ್ಜಿ ಒಂದು ಸಲ ವಾಪಸ್ ಬಂತು. ತಪ್ಪು ನಂದೇ. ಎಷ್ಟು ಎಲೆ ಕೀಳುತ್ತೀರಿ, ಎಷ್ಟು ಹುಳು ಒಯ್ಯುತ್ತೀರಿ ಅಂತ ಬರೆದಿರಲಿಲ್ಲ. ಎರಡನೇ ಸಲ "ಗುರುತಿನ ಕೊಂಬೆಯ ಎಲೆ ಕೀಳುವುದಿಲ್ಲ, ಎಣಿಸುತ್ತೇವೆ, ಹುಳು 8, ಅವಕ್ಕೆ ತಿನ್ನಲು ಬೇಕಾದಷ್ಟೇ ಎಲೆ" ಅಂತ ಬರೆದೆ. ಜೊತೆಗೆ ಕ್ಲಾಸಿನ ಒಬ್ಬ ಗೆಳತಿ ಸೇರಿಕೊಂಡಳು. ಅವಳು ರತ್ನಾಗಿರಿಯವಳು, ಕೆಸರಿಗೆ ಹೆದರುವುದಿಲ್ಲ.

ಮೊದಲ ದಿನವೇ ನನ್ನ ಒಂದು ಚಪ್ಪಲಿ ಕೆಸರಿನಲ್ಲಿ ಹೋಯಿತು. ಉಪ್ಪಟಿಯ ಸುತ್ತ ನೆಲದಿಂದ ಪೆನ್ಸಿಲ್ ನೆಟ್ಟ ಹಾಗೆ ಉಸಿರುಬೇರುಗಳು ಎದ್ದಿರುತ್ತವೆ. ಕೆಸರಿನೊಳಗೆ ಗಾಳಿ ಇಲ್ಲ, ಅದಕ್ಕೇ ಬೇರು ಮೇಲೆ ಬಂದು ಉಸಿರಾಡುತ್ತದೆ. ಅದನ್ನು ತುಳಿಯಬಾರದು, ಬೇರೆ ಕಡೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳುತ್ತದೆ. ಎರಡನೇ ದಿನದಿಂದ ಶಾಲೆಯ ಹಳೇ ಕ್ಯಾನ್ವಾಸ್ ಶೂ, ಲೇಸ್ ಬಿಗಿಯಾಗಿ ಕಟ್ಟಿ.

ನೀರು ಯಾವಾಗ ಇಳಿಯುತ್ತದೆ ಅಂತ ಮೊಬೈಲಿನಲ್ಲಿ ನೋಡುತ್ತಿದ್ದೆವು. ಬಲೆ ತೊಳೆಯುತ್ತಿದ್ದ ಒಬ್ಬ ಕೋಳಿ ಅಜ್ಜ ಅದನ್ನು ನೋಡಿ ನಕ್ಕರು. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿ ಅಂದರು. ಚೌತಿ ಅಂದರೆ ನಾಲ್ಕು, ನಾಲ್ಕರ ಮುಕ್ಕಾಲು ಮೂರು, ಮೂರು ಗಂಟೆಗೆ ಭರತ. ಅಷ್ಟಮಿಗೆ ಆರು ಗಂಟೆಗೆ. ಅದಕ್ಕೆ ಆರು ಗಂಟೆ ಸೇರಿಸಿದರೆ ಇಳಿತ. ಮೊಬೈಲ್ ಜೊತೆ ಹೋಲಿಸಿ ನೋಡಿದೆವು, ಸುಮಾರಾಗಿ ಸರಿಯಾಗೇ ಬರುತ್ತಿತ್ತು. ಅವತ್ತಿನಿಂದ ನಾನು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಯೇ ಹೊರಡುವುದು. ಅಮ್ಮ ಒಂದು ವಾರ ಸುಮ್ಮನೆ ನೋಡಿ, ಆಮೇಲೆ ಯಾವ ವ್ರತ ಹಿಡಿದಿದ್ದೀಯ ಅಂತ ಕೇಳಿದರು.

ನಮ್ಮ ಪ್ರಶ್ನೆ ಸರಳ. ಹುಳು ಪೂರ್ತಿ ತಿಂದ ಮೇಲೆ ಗಿಡಕ್ಕೆ ಎಲೆ ವಾಪಸ್ ಬರಲು ಎಷ್ಟು ದಿನ ಬೇಕು? ಬದುವಿನ ಪಕ್ಕದ ಗಿಡಕ್ಕೂ, ದಿನಾ ನೀರು ಮುಟ್ಟುವ ಖಾಡಿ ಕಡೆಯ ಗಿಡಕ್ಕೂ ವ್ಯತ್ಯಾಸ ಇದೆಯಾ? ಆ ಕಡೆ 12 ಗಿಡ, ಈ ಕಡೆ 12 ಗಿಡ. ಪ್ರತಿ ಗಿಡದಲ್ಲಿ ಒಂದು ಕೊಂಬೆಗೆ ಗುರುತು. ಗುರುತಿನಿಂದ ತುದಿಯವರೆಗೆ ಎಷ್ಟು ಎಲೆ ಅಂತ ವಾರ ವಾರ ಎಣಿಸುವುದು.

ಗುರುತಿಗೆ ಕೆಂಪು ರಿಬ್ಬನ್ ಕಟ್ಟಿದೆವು. ನಾರಳಿ ಹುಣ್ಣಿಮೆ ಬಂತು. ಕೋಳಿ ಜನ ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ದಿನ, ಆಗ ಭರತ ಜೋರು. ಎರಡು ದಿನ ಬಿಟ್ಟು ಹೋದರೆ ಪ್ರತಿ ಗಿಡದಲ್ಲೂ ಕೆಂಪು, ನೀಲಿ, ಬಿಳಿ ಪಟ್ಟಿಗಳು ನೇತಾಡುತ್ತಿವೆ! ನಗರದ ಪ್ಲಾಸ್ಟಿಕ್ ಎಲ್ಲ ನೀರಿನ ಜೊತೆ ಬಂದು ಕೊಂಬೆಗಳಿಗೆ ಸುತ್ತಿಕೊಂಡಿತ್ತು. ಹಾಲಿನ ಕವರು, ಗುಟ್ಕಾ ಪ್ಯಾಕೆಟ್ಟಿನ ಮಾಲೆ, ಯಾರದೋ ಮದುವೆಯ ಸ್ಯಾಟಿನ್ ರಿಬ್ಬನ್. ಅದರಲ್ಲಿ ನಮ್ಮದು ಯಾವುದು ಅಂತ ಹುಡುಕುತ್ತಾ ಎರಡು ಗಂಟೆ ಹೋಯಿತು. 24ರಲ್ಲಿ 9 ಸಿಕ್ಕಿತು. ಆ 9ರಲ್ಲೂ ಎರಡು ನಮ್ಮದಲ್ಲ ಅಂತ ನನಗೆ ಈಗಲೂ ಅನುಮಾನ.

ಮನೆಗೆ ಬಂದು ಹೇಳಿದಾಗ ಅಪ್ಪಯ್ಯ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಬಿಸ್ಕೆಟ್ ಡಬ್ಬಿ ತೆಗೆದರು. ಒಳಗೆ ಹಿತ್ತಾಳೆ ಬಿಲ್ಲೆಗಳು. ಹಿಂದೆ ಪಾರ್ಸೆಲ್ ಗಿರಾಕಿಗಳಿಗೆ ಕೊಡುತ್ತಿದ್ದ ಟೋಕನ್. 1ರಿಂದ 25, ನಂಬರ್ ಒತ್ತಿದ್ದು, ನಡುವೆ ತೂತು. 17 ಯಾವ ಕಾಲದಲ್ಲೋ ಯಾರದೋ ಜೇಬಿನಲ್ಲಿ ಹೋಗಿದೆ. "ತಕಂಡ್ ಹೋಗ್. ಲೆಕ್ಕ ಮಾಡಿ ವಾಪಸ್ ಕೊಡ್ಕ್" ಅಂದರು. 24 ಗಿಡಕ್ಕೆ ಸರಿಯಾಗಿ 24 ಬಿಲ್ಲೆ. ಇಷ್ಟು ಸರಿ ಹೊಂದಿದ್ದು ಇಡೀ ಪ್ರಾಜೆಕ್ಟಿನಲ್ಲಿ ಇದೊಂದೇ.

ಇನ್ನು ಎಣಿಕೆ. ಎಲೆ ಎಣಿಸುವುದರಲ್ಲಿ ಏನಿದೆ, ಮಕ್ಕಳೂ ಎಣಿಸುತ್ತಾರೆ ಅಂದುಕೊಂಡಿದ್ದೆ. ಮೊದಲ ದಿನ ನಾನು 3ನೇ ಗಿಡದಲ್ಲಿ 14 ಎಣಿಸಿದೆ, ಗೆಳತಿ 19. ಮತ್ತೆ ಎಣಿಸಿದೆವು, ನಂದು 15, ಅವಳದು 19. ಜಗಳವೇ ಆಯಿತು. ಕೊನೆಗೆ ಒಂದೊಂದೇ ಎಲೆ ಮುಟ್ಟಿ ಜೋರಾಗಿ ಎಣಿಸಿದಾಗ ಗೊತ್ತಾಯಿತು, ಅವಳು ತುದಿಯಲ್ಲಿ ಜೋಡಿಸಿದ ಕೈಯ ಹಾಗೆ ಮುಚ್ಚಿಕೊಂಡಿರುವ ಚಿಗುರನ್ನೂ ಎಲೆ ಅನ್ನುತ್ತಾಳೆ. ನಾನು ಅನ್ನುವುದಿಲ್ಲ. ಅರ್ಧ ತಿಂದ ಎಲೆ? ನಾನು ಎಣಿಸುತ್ತೇನೆ, ಅವಳು ಬಿಡುತ್ತಾಳೆ. ತೊಟ್ಟು ಮಾತ್ರ ಉಳಿದಿದ್ದರೆ? ಬದುವಿನ ಮೇಲೆ ಕೂತು, ಅಪ್ಪಯ್ಯ ಕಟ್ಟಿಕೊಟ್ಟ ಇಡ್ಲಿ ತಿನ್ನುತ್ತಾ, ಕಾನೂನು ಮಾಡಿದೆವು. ಹೆಬ್ಬೆರಳಿನ ಉಗುರಿಗಿಂತ ಉದ್ದ ಇದ್ದು ಬಿಚ್ಚಿಕೊಂಡಿದ್ದರೆ ಅದು ಎಲೆ. ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಎಲೆ. ಆಮೇಲೆ ಯಾರ ಹೆಬ್ಬೆರಳು ಅಂತ ಇನ್ನೊಂದು ಸಣ್ಣ ಜಗಳ. ನನ್ನದೇ ಅಂತ ತೀರ್ಮಾನ ಆಯಿತು. ಉಗುರು 13 ಮಿಲಿಮೀಟರ್, ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟೆವು. ವರದಿಯಲ್ಲೂ ಅದು ಇದೆ.

ಹುಳು ಬಂದದ್ದು ಸೆಪ್ಟೆಂಬರಿನಲ್ಲಿ. ಮೊದಲು ಕಂಡದ್ದು ಹುಳು ಅಲ್ಲ, ಮಡಚಿದ ಎಲೆ. ಎಲೆಯ ಅಂಚನ್ನು ಅರ್ಧ ಕತ್ತರಿಸಿ, ಆ ತುಂಡನ್ನು ಮಡಚಿ, ಬಾಯಿಂದ ಬರುವ ನೂಲಿನಿಂದ ಅಂಟಿಸಿ ಒಳಗೆ ಕೂತಿತ್ತು. ಪತ್ರೊಡೆಗೆ ಎಲೆ ಸುತ್ತುವ ಅಮ್ಮನಿಗೆ ತೋರಿಸಬೇಕು ಅನ್ನಿಸಿತು, ಅಷ್ಟು ಅಚ್ಚುಕಟ್ಟು. ಉಗುರಿನಿಂದ ಬಿಡಿಸಿದರೆ ಒಳಗೆ ಕಪ್ಪು-ಹಸಿರು ಹುಳು, ಮೈಮೇಲೆ ಉದ್ದಕ್ಕೆ ಬಿಳಿ ಗೆರೆ. ಕನ್ನಡದಲ್ಲಿ ಕಂಬಳಿಹುಳು ಅಂದುಬಿಡುತ್ತೇವೆ, ಇದಕ್ಕೆ ಆ ಥರ ಕಂಬಳಿ ಇಲ್ಲ, ಮೈ ನುಣುಪು. ತಟ್ಟಂತ ಹಿಂದಕ್ಕೆ ಹಾರಿ, ನೂಲು ಬಿಟ್ಟುಕೊಂಡು ಕೆಳಗೆ ನೇತಾಡಿತು.

ಮುಂದಿನ ವಾರ ಗಿಡದ ಕೆಳಗೆ ನಿಂತರೆ ಸಣ್ಣ ಮಳೆ ಬಿದ್ದ ಹಾಗೆ ಸದ್ದು. ಆಕಾಶ ಬಿಳಿ. ಛತ್ರಿ ಬಿಚ್ಚಿದ ಗೆಳತಿ ಅದರ ಮೇಲೆ ನೋಡಿ ಕಿರುಚಿದಳು. ಮಳೆ ಅಲ್ಲ, ಹುಳುಗಳ ಹಿಕ್ಕೆ! ಸಾಸಿವೆಯಷ್ಟು ದೊಡ್ಡ ಕರಿ ಕಾಳು, ಒಂದೇ ಸಮ ಉದುರುತ್ತಿತ್ತು. ಕಾಗೆ, ಮೈನಾ, ಕಾಜಾಣ ಎಲ್ಲ ಹಬ್ಬ ಮಾಡುತ್ತಿದ್ದವು.

ಎಂಟು ಹುಳುಗಳನ್ನು ಉಪ್ಪಿನಕಾಯಿ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಮನೆಗೆ ತಂದೆ. ಊರಿಂದ ಬಂದಿದ್ದ ಅಮ್ಮಮ್ಮ ನೋಡಿ, "ಎಂತ ಹೆಣೆ, ಹುಳ ಸಾಕುಕೆ ಕಾಲೇಜಿಗೆ ಹೋಪ್ದಾ?" ಅಂದರು. ಆದರೆ ನಾನು ಕ್ಲಾಸಿಗೆ ಹೋದಾಗ ಅವರೇ ಎಲೆ ಬದಲಾಯಿಸುತ್ತಿದ್ದರು. ಹಳೇ ಎಲೆಯನ್ನು ನಾಲಿಗೆಗೆ ಹಚ್ಚಿ ನೋಡಿ, "ಉಪ್ಪು" ಅಂತ ನಕ್ಕಿದ್ದರು. ಉಪ್ಪಟಿ ತಾನು ಹೀರಿದ ಉಪ್ಪನ್ನು ಎಲೆಯ ಮೇಲೆ ಹೊರಗೆ ಹಾಕುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಅವರಿಗೆ ಹೇಳಲು ಹೊರಟೆ, ಹೆಸರಲ್ಲೇ ಇದೆಯಲ್ಲ ಅಂದರು. ಎಂಟರಲ್ಲಿ ಐದು ಪತಂಗ ಆದವು. ಕೂತಾಗ ಬೂದು, ರೆಕ್ಕೆ ಬಿಚ್ಚಿದರೆ ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಬಣ್ಣ. ಎರಡು ಸತ್ತವು. ಒಂದರ ಕೋಶದಿಂದ ಪತಂಗದ ಬದಲು ನೊಣ ಹೊರಗೆ ಬಂತು. ಬಾಟಲಿ ಸರಿಯಾಗಿ ಮುಚ್ಚಿಲ್ಲ ಅಂತ ಅಮ್ಮಮ್ಮನ ಜೊತೆ ವಾದ ಮಾಡಿದೆ. ಮೇಡಂ ಹೇಳಿದ ಮೇಲೆ ಗೊತ್ತಾಯಿತು, ಅದು ಹುಳುವಿನ ಮೈಯಲ್ಲೇ ಬೆಳೆಯುವ ಪರಾವಲಂಬಿ ನೊಣ. ಅಮ್ಮಮ್ಮನಿಗೆ ಸಾರಿ ಹೇಳಿದೆ.

ಆಮೇಲೆ ನಾನು ಮಾಡಿದ ದೊಡ್ಡ ತಪ್ಪು. ಚೌತಿ ಬಂತು. ಎಲ್ಲರೂ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ. ಗೆಳತಿಯೂ ಗಣಪತಿಗೆ ರತ್ನಾಗಿರಿಗೆ. ಹೋಗುವಾಗ ಗಿಡಗಳಲ್ಲಿ ಅರ್ಧ ಎಲೆ ಇತ್ತು. ಹನ್ನೆರಡು ದಿನ ಬಿಟ್ಟು ಬಂದರೆ 24 ಗಿಡವೂ ಬೋಳು. ನಾನು ಕೂಡಲೇ ಪುಸ್ತಕದಲ್ಲಿ "ದಿನ 0" ಅಂತ ಬರೆದೆ. ಅದರಲ್ಲಿ ತಪ್ಪೇನಿದೆ ಅಂತ ಆಗ ಹೊಳೆಯಲೇ ಇಲ್ಲ.

ಅಕ್ಟೋಬರ್ ಖುಷಿಯಾಗಿ ಹೋಯಿತು. ಬೋಳು ಕೊಂಬೆಯ ಗೆಣ್ಣುಗಳಲ್ಲಿ ಬೂದು ಬಣ್ಣದ ಚಿಗುರು, ಒಂದು ವಾರದಲ್ಲಿ ಉಗುರಿನಷ್ಟು, ಇನ್ನೊಂದು ವಾರದಲ್ಲಿ ಎಲೆ. 20ನೇ ಗಿಡದ ಕೊಂಬೆಯನ್ನು ಆಡು ತಿಂದಿತು, ಬಿಲ್ಲೆ ಕೆಸರಿನಲ್ಲಿ ಸಿಕ್ಕಿತು. 11ನೇ ಗಿಡದ ಕೊಂಬೆ ಮುರಿದು ಬಿಲ್ಲೆ ಸಮೇತ ನೀರು ಪಾಲು. ಉಳಿದದ್ದು 22.

ಒಂದು ವಾರ 6ನೇ ಗಿಡದ ಎಲೆ 0ಯಿಂದ 31ಕ್ಕೆ ಹಾರಿತು. 9ನೇ ಗಿಡ 28ರಿಂದ 2ಕ್ಕೆ ಇಳಿಯಿತು. ಮತ್ತೆ ಹುಳು ಬಂತಾ? ಹೋಗಿ ನೋಡಿದರೆ ಎರಡೂ ಗಿಡ ತಮ್ಮಷ್ಟಕ್ಕೆ ಚೆನ್ನಾಗಿವೆ. ಹತ್ತು ನಿಮಿಷ ಪೆಚ್ಚಾಗಿ ನಿಂತ ಮೇಲೆ ಗಾಳಿಗೆ ಬಿಲ್ಲೆ ತಿರುಗಿತು. 6 ಇದ್ದದ್ದು 9 ಆಯಿತು! ತೂತು ನಟ್ಟನಡುವೆ ಇದ್ದದ್ದರಿಂದ ಯಾವುದು ಮೇಲೆ, ಯಾವುದು ಕೆಳಗೆ ಅಂತ ಇಲ್ಲ. ಪಾರ್ಸೆಲ್ ಕಟ್ಟುವಾಗ 6ರ ಮಸಾಲೆ ದೋಸೆ 9ಕ್ಕೆ ಹೋಗಿದ್ದರೆ ಗಿರಾಕಿಯೇ ಕೂಗುತ್ತಿದ್ದ. ಗಿಡ ಕೂಗುವುದಿಲ್ಲ.

ನಾನು ರಬ್ಬರ್ ತೆಗೆದು ಎರಡು ಅಂಕಿ ಅದಲು ಬದಲು ಮಾಡಲು ಕೂತೆ. ಮೇಡಂ ತಡೆದರು. "ಅಳಿಸಬೇಡ. ಗೆರೆ ಹೊಡೆ, ಪಕ್ಕದಲ್ಲಿ ಏನಾಯಿತು ಅಂತ ಬರಿ, ತಾರೀಖು ಹಾಕು." ನನಗೆ ನಾಚಿಕೆ. ಪುಸ್ತಕ ನೋಡಿದವರಿಗೆಲ್ಲ ನಾನು 6ನ್ನು 9 ಓದಿದ್ದು ಗೊತ್ತಾಗುತ್ತದಲ್ಲ. ಆದರೂ ಬರೆದೆ. ಬಿಲ್ಲೆಯಲ್ಲಿ 6ರ ಕೆಳಗೆ ಮೊಳೆಯಿಂದ ಗೀರು ಹಾಕಿದೆ.

ಡಿಸೆಂಬರಿನಲ್ಲಿ ಲೆಕ್ಕ ಹಾಕಿದಾಗ ಖಾಡಿ ಕಡೆಯ ಗಿಡಗಳು ಬದುವಿನ ಕಡೆಯವುಗಳಿಗಿಂತ ಬೇಗ ಚಿಗುರಿದ್ದವು. ನಾನು ಗ್ರಾಫ್ ಹಿಡಿದು ಓಡಿದೆ. ಮೇಡಂ ಚಹಾ ಕುಡಿಯುತ್ತಿದ್ದರು. ಗ್ರಾಫ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ಖಾಡಿ ಕಡೆಯ ಗಿಡ ಬೋಳಾದದ್ದು ಯಾವ ದಿನ?"

ಗೊತ್ತಿಲ್ಲ. ಆ ಹನ್ನೆರಡು ದಿನದಲ್ಲಿ ನಾನು ಕುಂದಾಪುರದಲ್ಲಿ ಕಡುಬು ತಿನ್ನುತ್ತಿದ್ದೆ. ಖಾಡಿ ಕಡೆಯವು ಒಂದು ವಾರ ಮೊದಲೇ ಬೋಳಾಗಿದ್ದರೆ ಒಂದು ವಾರ ಮೊದಲೇ ಚಿಗುರುವುದು ಸಹಜ ತಾನೇ? ನನ್ನ "ದಿನ 0" ಗಿಡದ್ದಲ್ಲ, ನನ್ನದು. ನಾನು ರೈಲಿಳಿದ ದಿನ.

ಆ ಸಂಜೆ ತುಂಬಾ ಅತ್ತೆ ಅಂತ ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು, ಅದೂ ಗಣಪತಿಯ ಮೇಲೆ. ಮಾರನೇ ದಿನ ಮೇಡಂ ಕೂರಿಸಿಕೊಂಡು ಏನು ಹೇಳಬಹುದು, ಏನು ಹೇಳಬಾರದು ಅಂತ ಬೇರೆ ಮಾಡಿದರು. ಯಾವ ಕಡೆ ಬೇಗ ಅನ್ನುವುದನ್ನು ಪೂರ್ತಿ ಕೈಬಿಟ್ಟೆವು. ಉಳಿದದ್ದು ಇಷ್ಟು: ನಾವು ನೋಡಿದ 22 ಗಿಡಗಳಲ್ಲಿ ಒಂದೂ ಸಾಯಲಿಲ್ಲ. ನವೆಂಬರ್ ಕೊನೆಗೆ ಪ್ರತಿ ಕೊಂಬೆಯಲ್ಲೂ ಎಲೆ ಇತ್ತು. ಬೋಳಾದ ಮೇಲೆ ಬಂದ ಮೊದಲ ಎಲೆಗಳನ್ನು ಹುಳು ಮತ್ತೆ ತಿನ್ನಲಿಲ್ಲ. ಬಸ್ಸಿನ ಕಾಕಾಗೆ ಉತ್ತರ ಕೊಡಲು ಇಷ್ಟು ಸಾಕು. ಶೀರ್ಷಿಕೆ ಈಗ ಹೀಗಿತ್ತು: "ಭಾಂಡುಪಿನ ಒಂದು ಬದುವಿನ ಸುತ್ತಲಿನ 22 ಅವಿಸೀನಿಯಾ ಮರೀನಾ ಗಿಡಗಳಲ್ಲಿ, ಹೈಬ್ಲಿಯಾ ಪ್ಯೂರಾ ಹುಳು ಎಲೆ ತಿಂದ ನಂತರ, ಗುರುತಿಸಿದ ಕೊಂಬೆಗಳ ಮೇಲೆ ಎಲೆಗಳ ಮರುಹುಟ್ಟು: ಸೆಪ್ಟೆಂಬರಿನಿಂದ ನವೆಂಬರ್". ಪೋಸ್ಟರಿನಲ್ಲಿ ಮೂರು ಸಾಲು ತಿಂದಿತು. ಪ್ರಿಂಟಿಂಗ್ ಅಂಗಡಿಯವನು ಚಿಕ್ಕದು ಮಾಡಿ ಅಂದ. ಆಗುವುದಿಲ್ಲ ಅಂದೆ, ಒಂದೊಂದು ಪದಕ್ಕೂ ಒಂದೊಂದು ಜಗಳ ಆಗಿದೆ.

ಪೋಸ್ಟರ್ ದಿನ ಒಬ್ಬ ಹಿರಿಯ ಪ್ರೊಫೆಸರ್ ಕನ್ನಡಕ ಮೇಲೆತ್ತಿ ಪಟ್ಟಿಯನ್ನು ಬೆರಳಿಟ್ಟು ಓದಿದರು. 11 ಮತ್ತು 20ರ ಮುಂದೆ "ಕೊಂಬೆ ಹೋಗಿದೆ" ಅಂತಿತ್ತು. "17 ಎಲ್ಲಿ? ಸತ್ತುಹೋಯಿತಾ? ನಿಮಗೆ ಬೇಡದ ಫಲಿತಾಂಶ ಬಂತು ಅಂತ ತೆಗೆದಿರಾ?" ನ್ಯಾಯವಾದ ಪ್ರಶ್ನೆಯೇ. ಬಿಸ್ಕೆಟ್ ಡಬ್ಬಿಯ ಕಥೆ ಹೇಳಿದೆ. ಅವರು ನಗಲಿಲ್ಲ. "ಇದನ್ನು ಇಲ್ಲಿ ಬರೆದಿಲ್ಲವಲ್ಲ" ಅಂದರು. ಹೌದಲ್ವಾ? ಪೆನ್ನು ತೆಗೆದು ಪೋಸ್ಟರಿನ ಕೆಳಗೆ ಅಲ್ಲೇ ಬರೆದೆ: 17 ನಂಬರಿನ ಬಿಲ್ಲೆ ಮೊದಲಿನಿಂದಲೂ ಇರಲಿಲ್ಲ. ಬಹುಮಾನ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಬಿಲ್ಲೆ ಬಿಚ್ಚಿ ತಂದೆವು. ಉಪ್ಪು ನೀರಿಗೆ ಹಸಿರು ಹಿಡಿದಿತ್ತು. ಅಮ್ಮಮ್ಮ ಹುಣಸೆಹಣ್ಣು ಹಚ್ಚಿ ಉಜ್ಜಿದರು. ಅಪ್ಪಯ್ಯ ಗಲ್ಲಾದ ಮೇಲೆ ಸಾಲಾಗಿ ಜೋಡಿಸಿ ಎಣಿಸಿದರು. 6ರ ಕೆಳಗಿನ ಗೀರನ್ನು ಬೆರಳಿನಿಂದ ಸವರಿ, ಇದನ್ನು ಇಪ್ಪತ್ತು ವರ್ಷ ಹಿಂದೆ ಮಾಡಬೇಕಿತ್ತು ಅಂದರು. ಆಮೇಲೆ ನನ್ನ ಮುಖ ನೋಡಿದರು.

"23 ಇತ್ತ್. 11 ಎಲ್ಲಿ?"